ಎಂಜಿನಿಯರಿಂಗ್ ಬಿಟ್ಟು ನೇಮಕಾತಿ, ತರಬೇತಿ ಕೆಲಸಕ್ಕೆ ಹೋಗಲಾ?

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಶಿರಸಿಯವನು, ಬೆಂಗಳೂರಿನಲ್ಲಿ 8 ವರ್ಷದಿಂದ ಸಾಫ್ಟ್‌ವೇರ್ ಎಂಜಿನಿಯರ್. ಹೊಸಬರಿಗೆ ಕೆಲಸ ಕಲಿಸುವುದೇ ಈಗೀಗ ಜಾಸ್ತಿ ಇಷ್ಟ ಆಗುತ್ತಿದೆ. ನಮ್ಮ ಕಂಪನಿಯಲ್ಲೇ ತರಬೇತಿ ಮತ್ತು ಡೈವರ್ಸಿಟಿ ನೇಮಕಾತಿ (ಬೇರೆ ಬೇರೆ ಹಿನ್ನೆಲೆಯವರನ್ನು ಹುಡುಕಿ ಕೆಲಸಕ್ಕೆ ತೆಗೆದುಕೊಳ್ಳುವ) ತಂಡದಲ್ಲಿ ಜಾಗ ಇದೆ. ಅಪ್ಪ ಮಾತ್ರ "ಎಂಜಿನಿಯರಿಂಗ್ ಓದಿ ಎಚ್‌ಆರ್ ಆಗೋದಾ?" ಅಂತಾರೆ. ನೀವು ಇದೇ ದಾರಿಯಲ್ಲಿ ಹೋದವರು. ಏನು ಮಾಡಲಿ?

ಉತ್ತರ: ಹೋಗು ತಮ್ಮಾ. ನಾನೂ ಕುಮಟಾದವಳು, 11 ವರ್ಷ ಕೋಡ್ ಬರೆದು ಆಮೇಲೆ ಈ ಕಡೆ ಬಂದೆ. ಬರಲು ಕಾರಣ ಒಂದು ಇಂಟರ್‌ವ್ಯೂ. ಅಂಕೋಲಾ ಕಡೆಯ ಹುಡುಗಿ, ಪ್ರೋಗ್ರಾಂ ಸರಿಯಾಗಿ ಬರೆದಿದ್ದಳು, ಇಂಗ್ಲಿಷ್ ಮಾತ್ರ ತಡವರಿಸುತ್ತಿತ್ತು. ಪ್ಯಾನೆಲ್‌ನವರು "ಕಮ್ಯುನಿಕೇಶನ್ ಸಾಲದು" ಅಂತ ಬರೆದು ಕಳಿಸಿಬಿಟ್ಟರು. ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಈಗ ನಾವು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇವೆ, ಪ್ಯಾನೆಲ್‌ನ ಪ್ರತಿಯೊಬ್ಬರೂ ಮೊದಲು ತಮ್ಮ ಅಂಕ ಪ್ರತ್ಯೇಕವಾಗಿ ಬರೆದಿಟ್ಟು ಆಮೇಲಷ್ಟೇ ಚರ್ಚೆ ಮಾಡುತ್ತೇವೆ. ಯಾರಾದರೂ "ಟೆಕ್ನಿಕಲ್ ವೀಕ್" ಅಂದರೆ "ಯಾವ ಉತ್ತರ ತಪ್ಪಿತ್ತು?" ಅಂತ ಕೇಳಬೇಕು. ಎಂಜಿನಿಯರ್ ಆಗಿದ್ದವನಿಗೆ ಹಾಗೆ ಕೇಳುವ ಧೈರ್ಯ ಇರುತ್ತದೆ. ಇದನ್ನೇ ಅಪ್ಪನಿಗೆ ಹೇಳು, ನೀನು ಓದಿದ್ದು ವ್ಯರ್ಥ ಆಗುವುದಿಲ್ಲ.

ಪ್ರಶ್ನೆ: ಅಕ್ಕ, ಡೈವರ್ಸಿಟಿ ನೋಡಿ ನೇಮಕ ಮಾಡಿದರೆ ಅರ್ಹತೆ ಕಡಿಮೆ ಆಗುತ್ತದೆ ಅಂತಾರಲ್ವಾ?

ಉತ್ತರ: ಪರೀಕ್ಷೆಗೆ ಯಾರು ಬರುತ್ತಾರೆ ಅನ್ನುವುದಷ್ಟೇ ಬದಲಾಗುತ್ತದೆ, ಕಟ್‌ಆಫ್ ಇಳಿಯುವುದಿಲ್ಲ. ಪ್ರತಿ ವರ್ಷ ಅದೇ ನಾಲ್ಕು ಕಾಲೇಜಿಗೆ ಹೋಗಿ, ಉಳಿದದ್ದಕ್ಕೆ ರೆಫರಲ್ (ಒಳಗಿನ ನೌಕರರ ಶಿಫಾರಸು) ನೆಚ್ಚಿಕೊಂಡರೆ ಸಿಗುವವರೂ ಅದೇ ತರದವರು. ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು, ಆದರೆ ಖಾಸಗಿ ಕಂಪನಿಯಲ್ಲಿ ಮೀಸಲಾತಿ ಇಲ್ಲವಲ್ಲ, ಹಾಗಾಗಿ ಅಲ್ಲಿಯ ಹುಡುಗರನ್ನು ನಾವೇ ಹೋಗಿ ಕರೆಯಬೇಕು. ಅಂಕೋಲಾ ಕಡೆಯ ಹಾರವಾಡದ ಹುಡುಗನಿಗೆ ಬೆಂಗಳೂರಿಗೆ ಬರುವ ಬಸ್ ಚಾರ್ಜ್ ಕೊಡುವುದೂ ನೇಮಕಾತಿಯೇ.

ಕಾನೂನೂ ಗೊತ್ತಿರಲಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ, ಸಮಾನ ಅವಕಾಶದ ನೀತಿ ಖಾಸಗಿಯವರಿಗೂ ಕಡ್ಡಾಯ. 2017ರ ತಿದ್ದುಪಡಿ ಬಂದ ಮೇಲೆ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, 50 ಅಥವಾ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು.

ಮತ್ತೆ, ಕರೆದು ತಂದವರು ನಿಲ್ಲಬೇಕಲ್ವಾ? ಹಾಗೆ ಬಂದ ಒಬ್ಬಳು ವರ್ಷದೊಳಗೆ ಬಿಟ್ಟು ಹೋದಳು. ತನ್ನ ಕೋಡ್ ನೋಡಿ ಜೊತೆಯವರು ಬರೆದ ಕಾಮೆಂಟೆಲ್ಲ ಬೈಗುಳ ಅಂದುಕೊಂಡಿದ್ದಳು, ಹಾಗಲ್ಲ ಅಂತ ಯಾರೂ ಕೂತು ಹೇಳಿರಲಿಲ್ಲ. ನಿನಗೆ ಕಲಿಸುವುದು ಇಷ್ಟ ಅಂದೆಯಲ್ಲ, ಮೊದಲ ಮೂರು ತಿಂಗಳು ಅವರ ಪಕ್ಕದಲ್ಲಿ ನೀನು ಬೇಕು.

ಸಂಬಳ, ಗ್ರೇಡ್ ಇಳಿಯುವುದಿಲ್ಲ ಅಂತ ಬರೆಸಿಕೊಂಡೇ ಒಪ್ಪಿಕೊ. ಸಾಧ್ಯ ಆದರೆ ಆರು ತಿಂಗಳು ಅರ್ಧ ದಿನ ಹಳೆ ಕೆಲಸ, ಅರ್ಧ ದಿನ ಹೊಸ ತಂಡ ಅಂತ ಕೇಳಿ ನೋಡು. ನಮ್ಮ ಅಂಕದ ಹಾಳೆ ಬೇಕಿದ್ದರೆ ಮೆಸೇಜ್ ಹಾಕು, ಕಳಿಸುತ್ತೇನೆ.