ಹೊಸ ಚರ್ಮದ ಹೋಲ್‌ಸ್ಟರ್ ವಿಪರೀತ ಬಿಗಿ, ಏನು ಮಾಡೋದು?

ಅಘನಾಶಿನಿ ದಡ (ಕುಮಟಾ):
ಕಾನ್ಪುರದ .32 ರಿವಾಲ್ವರ್‌ಗೆ ಅಂತ ಹೊಲಿಸಿದ ಸೊಂಟದ ಹೋಲ್‌ಸ್ಟರ್. ಚರ್ಮ ಸುಮಾರು 3 ಮಿ.ಮೀ. ದಪ್ಪ. ಸಿಲಿಂಡರ್ (ಗುಂಡು ತುಂಬೋ ಉರುಳೆ) ಹತ್ತಿರ ಸಿಕ್ಕಿಕೊಂಡು ಕೊನೆಯ ಅರ್ಧ ಇಂಚು ಇಳಿಯೋದೇ ಇಲ್ಲ, ಹಾಗಾಗಿ ಹ್ಯಾಮರ್ ಮೇಲಿನ ಪಟ್ಟಿಯ ಬಟನ್ನೂ ಕೂರಲ್ಲ. ಎಳೆದರೆ ಹೋಲ್‌ಸ್ಟರ್ ಬೆಲ್ಟ್ ಸಮೇತ ಮೇಲೆ ಬರುತ್ತೆ. ತೆಂಗಿನೆಣ್ಣೆ ಹಚ್ಚಿ ಒಂದು ರಾತ್ರಿ ಅಡಿಕೆ ಒಣಗಿಸೋ ಒಲೆ ಮೇಲೆ ಇಡಿ ಅಂತಾರೆ. ಸರಿಯಾ? ಮಳೆಗಾಲದ ಜೋಪಾನದ ಬಗ್ಗೆಯೂ ಹೇಳಿ.

ಘಟ್ಟದ ಮೇಲೆ (ಶಿರಸಿ):
ಎಣ್ಣೆಯೂ ಬೇಡ, ಒಲೆಯೂ ಬೇಡ ಮಾರಾಯ್ರೆ. ತೆಂಗಿನೆಣ್ಣೆ ಕುಡಿದ ಚರ್ಮ ಮೆತ್ತಗಾಗಿ ಹಿಡಿತ ಬಿಡುತ್ತೆ, ಆಮೇಲೆ ಕಮಟು ವಾಸನೆ, ಬೂಷ್ಟು. ಬೆಂಕಿಯ ಬಿಸಿಗೆ ಚರ್ಮ ಕುಗ್ಗಿ ಗಡುಸಾಗುತ್ತೆ, ಅಂದರೆ ಈಗಿನದಕ್ಕಿಂತ ಬಿಗಿ. ಹೊಸ ಹೋಲ್‌ಸ್ಟರ್ ಬಿಗಿ ಇರೋದೇ ಸರಿ. ಸಡಿಲ ಬಂದಿದ್ದರೆ ವಾಪಸ್ ಕಳಿಸಿ ಅನ್ನುತ್ತಿದ್ದೆ.

ಮೊದಲು ಗುಂಡು ತೆಗೆಯಿರಿ. ರಿವಾಲ್ವರನ್ನು ಮಧ್ಯಕ್ಕೆ ಬಗ್ಗಿಸಿ ತೆರೆದು, ಸಿಲಿಂಡರ್‌ನ ಆರೂ ಮನೆಗೆ ಬೆರಳಿಟ್ಟು ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಕೆಲಸ ಮುಗಿಯೋವರೆಗೂ ಅವು ಈ ಕೋಣೆಗೆ ಬರಬಾರದು.

ಈಗ ರಿವಾಲ್ವರ್‌ಗೆ ಪ್ಲಾಸ್ಟಿಕ್ ಸುತ್ತಿ. ಅಂಗಡಿಯಲ್ಲಿ ಈಗ ಸಿಗೋ 120 ಮೈಕ್ರಾನ್ ಕೈಚೀಲ ಒಂದೇ ಸುತ್ತು ಸಾಕು, ಎರಡೂ ಬದಿ ಸೇರಿ ಕಾಲು ಮಿ.ಮೀ. ಹತ್ತಿರ ದಪ್ಪ ಸಿಗುತ್ತೆ. ಅದೂ ಇಳಿಯದಿದ್ದರೆ ತೆಳುವಾದ ಹಾಲಿನ ಕವರ್‌ನಿಂದ ಶುರು ಮಾಡಿ. ನೇರವಾಗಿ ಒತ್ತಿ, ಅತ್ತಿತ್ತ ಅಲ್ಲಾಡಿಸಬೇಡಿ. ಅಲ್ಲಾಡಿಸಿದರೆ ಬಾಯಿ ಮಾತ್ರ ಅಗಲವಾಗಿ, ಹಿಡಿಯಬೇಕಾದ ಸಿಲಿಂಡರ್ ಜಾಗ ಹಾಗೇ ಉಳಿಯುತ್ತೆ. ಬಟನ್ ಹಾಕಿ, ಬೀರುವಿನಲ್ಲಿ ಬೀಗದೊಳಗೆ 24 ಗಂಟೆ ಬಿಡಿ. ಮಾರನೇ ದಿನ ಪ್ಲಾಸ್ಟಿಕ್ ತೆಗೆದು, ಬೆರಳು ಟ್ರಿಗರ್‌ನಿಂದ ದೂರ ಇಟ್ಟು, 20-30 ಸಲ ನಿಧಾನಕ್ಕೆ ಹಾಕಿ ತೆಗೆಯಿರಿ. ಇನ್ನೂ ಬಿಗಿ ಅನಿಸಿದರೆ ಅದೇ ದಪ್ಪದಲ್ಲಿ ಇನ್ನೊಂದು ರಾತ್ರಿ. ಅವಸರಕ್ಕೆ ನಾಲ್ಕು ಸುತ್ತು ಸುತ್ತಬೇಡಿ, ಹಿಗ್ಗಿದ ಚರ್ಮವನ್ನು ಮತ್ತೆ ಬಿಗಿ ಮಾಡೋದು ಕಷ್ಟ.

ಬಟನ್ ಆಮೇಲೂ ಕೂರದಿದ್ದರೆ ಪಟ್ಟಿಯೊಂದನ್ನೇ ಒದ್ದೆ ಬಟ್ಟೆಯಿಂದ ಒರೆಸಿ, ಎಳೆದು ಹಾಕಿ, ಒಣಗೋವರೆಗೆ ಬಿಡಿ.

ಹೋಲ್‌ಸ್ಟರ್ ಮೇಲೆ ಬರೋದು ಬೇರೆಯೇ ರೋಗ, ಅದು ಬೆಲ್ಟಿನದ್ದು. ಪ್ಯಾಂಟಿನ ತೆಳು ಬೆಲ್ಟ್ ಆಗಲ್ಲ. ಲೂಪ್‌ನ ಸೀಳು 38 ಮಿ.ಮೀ. ಇದ್ದರೆ ಬೆಲ್ಟೂ 38 ಇರಲಿ, ದಪ್ಪ 4 ಮಿ.ಮೀ. ಆದರೂ ಬೇಕು.

ತೊಗಲು ಕೆಲಸ (ಅಂಕೋಲಾ):
ಮೇಲಿನದಕ್ಕೆ ಸಹಮತ, ಒಂದು ಸೇರಿಸ್ತೇನೆ. ಯಾವ ಹದದ ಚರ್ಮ ಅಂತ ನೋಡಿಕೊಳ್ಳಿ. ಕತ್ತರಿಸಿದ ಅಂಚು ಒಳಗೆ ನೀಲಿ-ಬೂದು ಕಂಡರೆ ಕ್ರೋಮ್ ಹದ. ಅದು ಚೀಲಕ್ಕೆ, ಚಪ್ಪಲಿಗೆ ಸರಿ, ಆದರೆ ಅಚ್ಚು ಹಿಡಿಯಲ್ಲ; ಎಷ್ಟು ರಾತ್ರಿ ಇಟ್ಟರೂ ಆಕಾರ ನಿಲ್ಲಲ್ಲ. ಅಂಚು ಕಂದು ಬಣ್ಣ ಇದ್ದು, ಒಳಮೈಗೆ ಬಿದ್ದ ನೀರಿನ ಹನಿ ಬೇಗ ಇಂಗಿ ಕಪ್ಪಾದರೆ ಮರದ ತೊಗಟೆಯ ಹದ. ಹೋಲ್‌ಸ್ಟರ್‌ಗೆ ಅದೇ ಬೇಕು.

ಎರಡು-ಮೂರು ರಾತ್ರಿ ಆದರೂ ಇಳಿಯದಿದ್ದರೆ ಮಾತ್ರ ನೀರು. ಮುಳುಗಿಸಬೇಡಿ. ಹಿಂಡಿದ ಬಟ್ಟೆಯಿಂದ ಒಳಮೈ ಒರೆಸಿ, ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿದ ರಿವಾಲ್ವರ್ ಇಳಿಸಿ, ಸಿಲಿಂಡರ್ ಮತ್ತು ಟ್ರಿಗರ್ ಗಾರ್ಡ್ ಸುತ್ತ ಹೆಬ್ಬೆರಳಲ್ಲಿ ಒತ್ತಿ. ಆಕಾರ ಮೂಡಿದ ಕೂಡಲೇ ರಿವಾಲ್ವರ್ ತೆಗೆದು ಒರೆಸಿ ಎಣ್ಣೆ ಹಾಕಿ. ಹೋಲ್‌ಸ್ಟರ್ ಮಾತ್ರ ಫ್ಯಾನ್ ಕೆಳಗೆ ನೆರಳಲ್ಲಿ ಒಣಗಲಿ. ನಮ್ಮ ಕಡೆ ಜುಲೈಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಒಣಗೋ ಮೊದಲೇ ಬೂಷ್ಟು ಬರುತ್ತೆ.

ಅಘನಾಶಿನಿ ದಡ:
ಅಂಚು ಕಂದೇ ಇದೆ. ಇನ್ನೊಂದು: ತೆಗೆಯುವಾಗ ಮುಂದಿನ ಸೈಟ್ (ಗುರಿ ನೋಡೋಕೆ ಬ್ಯಾರೆಲ್ ತುದಿಯಲ್ಲಿರೋ ಉಬ್ಬು) ಚರ್ಮ ಕೆರೆದುಕೊಂಡು ಬರುತ್ತೆ, ಚೂರು ಅಂಟಿರುತ್ತೆ.

ತೊಗಲು ಕೆಲಸ (ಅಂಕೋಲಾ):
ಸೈಟ್‌ಗೆ ದಾರಿ ಬಿಟ್ಟಿಲ್ಲ ಅಂದಂಗಾಯ್ತು. ರಾತ್ರಿ ಇಡುವಾಗ ಬ್ಯಾರೆಲ್ ಮೇಲೆ ಸೈಟ್‌ನ ಸಾಲಿಗೆ ಪೆನ್ಸಿಲ್ ದಪ್ಪದ ನುಣುಪಾದ ಕಡ್ಡಿಯನ್ನು ಟೇಪ್‌ನಲ್ಲಿ ಅಂಟಿಸಿ ಇಳಿಸಿ, ಕಾಲುವೆ ಮೂಡುತ್ತೆ. ಆ ಗೆರೆಗೆ ಮಾತ್ರ ಒಂಚೂರು ಜೇನುಮೇಣ ತಿಕ್ಕಿ. ಒಳಗೆಲ್ಲ ಮೇಣ ಮೆತ್ತಿದರೆ ಧೂಳು ಹಿಡಿದು ಉಪ್ಪುಕಾಗದದ ಥರ ಬ್ಲೂಯಿಂಗ್ (ಉಕ್ಕಿನ ಮೇಲಿನ ನೀಲಿ-ಕಪ್ಪು ಲೇಪ) ಸವೆಸುತ್ತೆ.

ಕಾಳಿ ಸೇತುವೆ (ಕಾರವಾರ):
ಜೋಪಾನದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮೇಲೆ ಹೇಳಿದ ಹಿಗ್ಗಿಸೋ ರಾತ್ರಿಗಳನ್ನು ಬಿಟ್ಟರೆ, ಸೊಂಟದಲ್ಲಿ ಇಲ್ಲದಾಗ ರಿವಾಲ್ವರ್ ಹೋಲ್‌ಸ್ಟರ್‌ನಲ್ಲಿ ಇರಲೇಬಾರದು. ಚರ್ಮ ಗಾಳಿಯ ತೇವ ಹೀರುತ್ತೆ, ಹದ ಮಾಡಿದ ಆಮ್ಲ ಅದರಲ್ಲೇ ಇರುತ್ತೆ, ಕಡಲ ಕಡೆಯಾದರೆ ಉಪ್ಪೂ ಸೇರುತ್ತೆ. ಮೂರೂ ಕೂಡಿದರೆ ಬ್ಲೂಯಿಂಗ್ ಕೆಳಗೆ ತುಕ್ಕು. ಚರ್ಮದ ಬೆಲ್ಟಿನ ಕುಣಿಕೆಯಲ್ಲಿ ಬಿಟ್ಟ ಗುಂಡಿನ ಹಿತ್ತಾಳೆಗೆ ಹಸಿರು ಕಿಲುಬು ಬರೋದೂ ಇದರಿಂದಲೇ.

ಚುನಾವಣೆಗೆ ಠಾಣೆಯಲ್ಲಿ ಇಡಬೇಕಾದಾಗ ಇದನ್ನೇ ಮರೀತಾರೆ, ಹೋಲ್‌ಸ್ಟರ್ ಸಮೇತ ಕೊಟ್ಟು ಬರ್ತಾರೆ. ಹೋಲ್‌ಸ್ಟರ್ ಮನೆಯಲ್ಲಿರಲಿ. ರಿವಾಲ್ವರ್‌ಗೆ ಎಣ್ಣೆ ಹಚ್ಚಿ ಹತ್ತಿಬಟ್ಟೆ ಸುತ್ತಿ ಕೊಡಿ, ರಸೀದಿಯಲ್ಲಿ ನಂಬರ್ ಸರಿ ಇದೆಯಾ ನೋಡಿಕೊಳ್ಳಿ.

ಹೋಲ್‌ಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಗಾಳಿಯಾಡೋ ಕಡೆ ನೇತುಹಾಕಿ. ಬೂಷ್ಟು ಬಂದರೆ ಮನೆ ಹೊರಗೆ ಒಣ ಬ್ರಷ್‌ನಲ್ಲಿ ಉಜ್ಜಿ, ಸಮಪಾಲು ನೀರು ಬೆರೆಸಿದ ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಣ್ಣ ಬಿಡುತ್ತಾ ಅಂತ ಮೊದಲು ಹಿಂಬದಿಯ ಮೂಲೆಯಲ್ಲಿ ನೋಡಿ.

ಸಡಿಲ ಸಾಕಾಯ್ತಾ ಅಂತ ತಿಳಿಯೋಕೆ: ಖಾಲಿ ರಿವಾಲ್ವರ್, ಬಟನ್ ಬಿಚ್ಚಿ, ಹಾಸಿಗೆ ಮೇಲೆ ತಲೆಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬೀಳಬಾರದು, ಒಂದೇ ಕೈಯಲ್ಲಿ ಎಳೆದರೆ ತಡೆಯಿಲ್ಲದೆ ಬರಬೇಕು. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರಬೇಕು. ಬಾಯಿಯ ಅಂಚು ಮೆತ್ತಗಾಗಿ ಒಳಕ್ಕೆ ಮಡಚೋಕೆ ಶುರುವಾದರೆ ಆ ಹೋಲ್‌ಸ್ಟರ್ ಎಸೆಯಿರಿ. ರಿವಾಲ್ವರ್ ಇಳಿಸುವಾಗ ಆ ಮಡಿಕೆ ಟ್ರಿಗರ್ ಮೇಲೆ ಒತ್ತುತ್ತೆ.