ಕ್ಯಾಂಪಿನ ಶಾಲೆಯನ್ನು ಊರ ಶಾಲೆಗೆ ಸೇರಿಸುತ್ತಾರಂತೆ: ನಿಮ್ಮಲ್ಲಿ ಹೀಗಾದಾಗ ಏನು ಮಾಡಿದಿರಿ?

ಕೇಳಿದವರು: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಅಧ್ಯಕ್ಷ, ಕೊಪ್ಪಳ ಜಿಲ್ಲೆ

ತುಂಗಭದ್ರಾ ಎಡದಂಡೆ ನಾಲೆಯ ಪಕ್ಕದ ಒಂದು ಕ್ಯಾಂಪಿನವನು ನಾನು. ಕ್ಯಾಂಪು ಎಂದರೆ ನಾಲೆಗೆ ನೀರು ಬಂದ ಮೇಲೆ ಹೊರಗಿನಿಂದ ಬಂದ ರೈತರು ನೆಲೆಸಿದ ವಸತಿ. ನಾಲೆಯ ಆಚೆ ಊರು, ಈಚೆ ನಾವು. ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಏಳರವರೆಗೆ 41 ಮಕ್ಕಳಿದ್ದಾರೆ, ಇಬ್ಬರು ಶಿಕ್ಷಕರು. ಊರಿನ ಶಾಲೆ ಕರ್ನಾಟಕ ಪಬ್ಲಿಕ್ ಶಾಲೆಯಾಗುವ, ಅಂದರೆ ಚಿಕ್ಕವರಿಂದ ಪಿಯುಸಿವರೆಗೆ ಒಂದೇ ಕಡೆ ಕಲಿಸುವ ಸರ್ಕಾರಿ ಶಾಲೆಯಾಗುವ ಮಾತಿದೆ. ನಮ್ಮ ಆರು, ಏಳನೆಯ ತರಗತಿಗಳನ್ನು ಮೊದಲು ಅಲ್ಲಿಗೆ ಕಳುಹಿಸಿ, ಉಳಿದವನ್ನು ಆಮೇಲೆ ಸೇರಿಸುತ್ತಾರೆ ಎಂದು ಸುದ್ದಿ. ಕ್ಯಾಂಪಿನವರು ಶಾಲೆಗೆ ಬೀಗ ಹಾಕಿ ಧರಣಿ ಕೂರೋಣ ಎನ್ನುತ್ತಿದ್ದಾರೆ. ಊರಿನವರು ಕೆಲವರು "ಕ್ಯಾಂಪಿನ ಮಕ್ಕಳೂ ಬಂದರೆ ನಮ್ಮವರು ಎಲ್ಲಿ ಕೂರಬೇಕು" ಎಂದಿದ್ದಾರೆ. ನನಗೆ ಎರಡೂ ಕಡೆ ಬೇಕು. ಭತ್ತ ಹಾಕುವ ಗಿರಣಿ ಒಂದೇ, ಸಾಲ ಬರೆಸುವ ಗೊಬ್ಬರದ ಅಂಗಡಿಯೂ ಒಂದೇ. ಸಭೆ ಮುಂದಿನ ವಾರ ಇದೆ. ಇಂಥದ್ದನ್ನು ಕಂಡವರು ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಉಪದೇಶ ಸಾಕಷ್ಟು ಸಿಕ್ಕಿದೆ.

ನಿವೃತ್ತ ಮುಖ್ಯ ಶಿಕ್ಷಕ, ರಾಯಚೂರು ಜಿಲ್ಲೆ

ಅಧ್ಯಕ್ಷರೇ, ಆದೇಶದ ಪ್ರತಿ ನಿಮ್ಮ ಕೈಯಲ್ಲಿದೆಯೇ? ಇಲ್ಲವೆಂದು ನಿಮ್ಮ ಬರಹವೇ ಹೇಳುತ್ತಿದೆ. ನಾನು ಕಂಡ ಇಂಥ ಜಗಳಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಯಾರೋ ಚಹಾ ಕುಡಿಯುತ್ತ ಆಡಿದ ಮಾತಿನಿಂದ. ಎಸ್‌ಡಿಎಂಸಿ ಹೆಸರಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಒಂದು ಪತ್ರ ಬರೆಯಿರಿ. ಪ್ರಸ್ತಾವನೆ ಇದೆಯೇ, ಇದ್ದರೆ ಯಾವ ತರಗತಿಗಳು, ಯಾವ ವರ್ಷದಿಂದ, ಶಿಕ್ಷಕರ ಹುದ್ದೆಗಳು ಎಲ್ಲಿಗೆ, ಬಿಸಿಯೂಟದ ಅಡುಗೆಯವರು ಎಲ್ಲಿಗೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ಇನ್ನು ದೂರದ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಐದನೆಯ ತರಗತಿವರೆಗಿನ ಮಕ್ಕಳಿಗೆ ಶಾಲೆ ಒಂದು ಕಿಲೋಮೀಟರಿನ ಒಳಗಿರಬೇಕು, ಆರರಿಂದ ಎಂಟರವರಿಗೆ ಮೂರು ಕಿಲೋಮೀಟರಿನ ಒಳಗೆ. ಅದು ಮಗು ನಡೆಯುವ ದೂರ, ಕೊಕ್ಕರೆ ಹಾರುವ ದೂರವಲ್ಲ. ಆದ್ದರಿಂದ ನಿಮ್ಮ ಚಿಕ್ಕ ಮಕ್ಕಳ ವಾದವೇ ಬೇರೆ, ಆರು-ಏಳರವರ ವಾದವೇ ಬೇರೆ. ಎರಡನ್ನೂ ಒಂದೇ ಠರಾವಿನಲ್ಲಿ ಕಲಸಿದರೆ ಎರಡೂ ಕೆಡುತ್ತವೆ. ನಮ್ಮಲ್ಲಿ ಕೆಟ್ಟಿತ್ತು. "ಯಾವ ತರಗತಿಯನ್ನೂ ಬಿಡುವುದಿಲ್ಲ" ಎಂದು ಬರೆದುಕೊಟ್ಟೆವು. ಮೇಲಿನವರು ಏಳನೆಯವರ ದೂರವನ್ನು ಲೆಕ್ಕ ಹಾಕಿ, ನಿಯಮದೊಳಗೇ ಇದೆ ಎಂದು ಇಡೀ ಅರ್ಜಿಯನ್ನು ಬದಿಗಿಟ್ಟರು.

ಆಮೇಲೆ ಬುದ್ಧಿ ಬಂತು. ಶ್ರಾವಣದ ಮಳೆಯಲ್ಲಿ ಸಿಆರ್‌ಪಿಯವರನ್ನು (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಕರೆಸಿ, ಮೂರನೆಯ ತರಗತಿಯ ನಾಲ್ಕು ಮಕ್ಕಳ ಜೊತೆ ಹೊಸ ಶಾಲೆಯವರೆಗೆ ನಡೆಸಿದೆವು. ನಕ್ಷೆಯಲ್ಲಿ ಇಲ್ಲದ ಹಳ್ಳ ಅಲ್ಲಿ ಮೊಣಕಾಲಿನವರೆಗೆ ಬಂತು. ಅವರು ಬೂಟು ಕೈಯಲ್ಲಿ ಹಿಡಿದು ದಾಟಿದರು. ವರದಿಯಲ್ಲಿ ಅದನ್ನೇ ಬರೆದರು. ದಾರಿಯಲ್ಲಿ ಮಕ್ಕಳಿಗೆ ಅಪಾಯವಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಿಯಮಗಳೇ ಹೇಳುತ್ತವೆ. ಐದನೆಯವರೆಗೆ ನಮ್ಮ ಶಾಲೆ ಉಳಿಯಿತು. ಆರು-ಏಳು ಹೋದವು, ನಾನೇ ಒಪ್ಪಿ ಕಳುಹಿಸಿದೆ.

ಒಂದು ಸಣ್ಣ ಮಾತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯಲ್ಲಿದೆ. ಇರುತ್ತಾರೆ, ಕಾಗದದ ಮೇಲೆ. ನಮ್ಮ ನಡಾವಳಿ ಪುಸ್ತಕವನ್ನು ಮನೆ ಮನೆಗೆ ಒಯ್ದು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದವನು ನಾನೇ. ನೀವು ಹಾಗೆ ಮಾಡಬೇಡಿ. ಅವರನ್ನು ಕೂರಿಸಿ ಕೇಳಿ.

ಒಬ್ಬ ತಂದೆ, ಕೊಪ್ಪಳ ಜಿಲ್ಲೆಯ ಒಣಬೇಸಾಯದ ಭಾಗ

ಬೀಗದ ಬಗ್ಗೆ ಮಾತ್ರ ಬರೆಯುತ್ತೇನೆ. ನಾವು ಹನ್ನೊಂದು ದಿನ ಹಾಕಿದ್ದೆವು. ಮೊದಲ ಮೂರು ದಿನ ಪತ್ರಿಕೆಯವರು ಬಂದರು, ಆಮೇಲೆ ಯಾರೂ ಬರಲಿಲ್ಲ. ಮಕ್ಕಳಿಗೆ ಹಾಲೂ ಇಲ್ಲ, ಬಿಸಿಯೂಟವೂ ಇಲ್ಲ. ಗುಳೆ ಹೋಗುವ ಮನೆಗಳವರು ಅಜ್ಜಿಯ ಬಳಿ ಬಿಟ್ಟಿದ್ದ ಮಕ್ಕಳನ್ನು "ಶಾಲೆಯೇ ಇಲ್ಲವಲ್ಲ" ಎಂದು ಜೊತೆಗೇ ಬೆಂಗಳೂರಿಗೆ ಕರೆದೊಯ್ದರು. ಅನುಕೂಲವಿದ್ದ ಆರು ಮನೆಯವರು ಟಿ.ಸಿ. ತೆಗೆದುಕೊಂಡು ಖಾಸಗಿ ಶಾಲೆಯ ವ್ಯಾನು ಹತ್ತಿಸಿದರು. ಬೀಗ ತೆಗೆದಾಗ 33 ಇದ್ದ ಮಕ್ಕಳು 21. ಮರುವರ್ಷ ಆ ಸಂಖ್ಯೆಯನ್ನೇ ತೋರಿಸಿ ವಿಲೀನ ಮಾಡಿದರು. ಅವರು ಮೂರು ವರ್ಷದಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ನಾವು ಹನ್ನೊಂದು ದಿನದಲ್ಲಿ ಮಾಡಿಕೊಟ್ಟೆವು.

ಒಬ್ಬ ರೈತ, ಬಳ್ಳಾರಿ ಜಿಲ್ಲೆ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಿಮ್ಮ ಪತ್ರದಲ್ಲಿ "ನಮ್ಮವರು ಎಲ್ಲಿ ಕೂರಬೇಕು" ಎಂಬ ಮಾತು ಇದೆಯಲ್ಲ, ಹೆಚ್ಚುಕಡಿಮೆ ಅದೇ ಮಾತನ್ನು ನಾನು ಒಂದು ಸಭೆಯಲ್ಲಿ ಎದ್ದು ನಿಂತು ಹೇಳಿದವನು.

ನಮ್ಮೂರಲ್ಲಿ ಎರಡು ಶಾಲೆಗಳಿದ್ದವು. ಗುಡಿಯ ಹತ್ತಿರದ್ದು ದೊಡ್ಡದು. ಕೇರಿಯ ಆಚೆ ಜನತಾ ಮನೆಗಳ ಬಳಿ ಇದ್ದದ್ದು ಕಿರಿಯ ಪ್ರಾಥಮಿಕ ಶಾಲೆ, 17 ಮಕ್ಕಳು, ಸೋರುವ ಒಂದು ಕೊಠಡಿ. ಅದನ್ನು ನಮ್ಮ ಶಾಲೆಗೆ ಸೇರಿಸುವ ಪ್ರಸ್ತಾವ ಬಂತು. ದೂರ ಅಳೆದರೆ ಆರುನೂರು ಮೀಟರೂ ಇಲ್ಲ. ನಾನು ಸಭೆಯಲ್ಲಿ ಬೆಂಚುಗಳ ಲೆಕ್ಕ ಕೊಟ್ಟೆ, ಶೌಚಾಲಯದ ಲೆಕ್ಕ ಕೊಟ್ಟೆ, ಗುಡಿಯ ಮುಂದೆ ಟ್ರ್ಯಾಕ್ಟರು ಓಡಾಡುವ ಅಪಾಯ ಹೇಳಿದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಜನ ತಲೆಯಾಡಿಸಿದರು.

ಆಗ ಕೇರಿಯ ಒಬ್ಬ ಮುದುಕಿ, ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡವಳು, ಕೂತಲ್ಲಿಂದಲೇ ಕೇಳಿದಳು: "ಯಪ್ಪಾ, ಹೋದ ವರ್ಷ ಪಕ್ಕದ ಊರಿನಿಂದ ಇಪ್ಪತ್ತು ಮಕ್ಕಳು ಬಂದಾಗ ಬೆಂಚು ಸಾಲಿದ್ದವಲ್ಲ?"

ಬಂದಿದ್ದರು. ನಾನೇ ಬಿಇಒ ಕಚೇರಿಗೆ ಹೋಗಿ ಸೇರಿಸಿಕೊಳ್ಳಲು ಹೇಳಿದ್ದೆ. ಅವರು ನಮ್ಮ ನೆಂಟರ ಮಕ್ಕಳು. ನನಗೆ ಉತ್ತರ ತೋಚಲಿಲ್ಲ. ಯಾರೋ ಪಂಚಾಯಿತಿಯ ಮಾತು ತೆಗೆದು ವಿಷಯ ಬದಲಿಸಿದರು. ಆ ಉಪಕಾರ ಈಗ ನೆನೆದರೂ ಮೈ ಹಿಡಿಯಾಗುತ್ತದೆ.

ಕೊನೆಗೆ ಮಕ್ಕಳು ಬಂದರು, ಅವರ ಜೊತೆ ಆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ತಾಯಿಯೂ ಬಂದರು. ಮೊದಲ ತಿಂಗಳು ನಮ್ಮ ಓಣಿಯ ಮಕ್ಕಳ ಕೈಯಲ್ಲಿ ಬುತ್ತಿ ಡಬ್ಬಿಗಳು ಕಾಣಿಸಿದವು. ನಮ್ಮ ಮನೆಯಿಂದಲೂ ಒಂದು ಹೋಗುತ್ತಿತ್ತು, ಮುಚ್ಚಿಡುವುದೇನಿದೆ. ಮುಖ್ಯ ಶಿಕ್ಷಕಿ ಭಾಷಣ ಮಾಡಲಿಲ್ಲ. ದಿನಾ ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲೇ ಕೂತು ಉಂಡರು, ಪ್ರತಿದಿನ ಬೇರೆ ಬೇರೆ ಮಗುವಿನ ಪಕ್ಕ. ನನ್ನ ಮಗ ಒಂದು ಸಂಜೆ "ನನಗೆ ಡಬ್ಬಿ ಬೇಡ, ಟೀಚರ್ ಪಕ್ಕದ ಪಾಳಿ ತಪ್ಪುತ್ತದೆ" ಎಂದ. ದಸರೆಯ ಹೊತ್ತಿಗೆ ಡಬ್ಬಿಗಳು ಕಡಿಮೆಯಾದವು. ಎರಡು ಮನೆಗಳವು ಕೊನೆಯವರೆಗೂ ನಿಲ್ಲಲಿಲ್ಲ.

ಅಧ್ಯಕ್ಷರೇ, ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ, ಊರಿನವರಿಗೂ ಕ್ಯಾಂಪಿನವರಿಗೂ. "ನೀವು ಹೇಳುವ ತೊಂದರೆ ನಾಳೆಯೇ ಸರಿಯಾದರೆ ಒಪ್ಪುತ್ತೀರಾ?" ಕೊಠಡಿ ಕಟ್ಟಿಸಿದರೆ, ಸೇತುವೆ ಹಾಕಿಸಿದರೆ? ಆಗಲೂ ಬೇಡ ಎಂದವರ ಕಾರಣ ಅವರು ಹೇಳಿದ್ದಲ್ಲ. ನನ್ನನ್ನು ಅಂದು ಯಾರಾದರೂ ಹಾಗೆ ಕೇಳಿದ್ದರೆ ನಾನು ಅರ್ಧ ಗಂಟೆ ಬೆಂಚು ಎಣಿಸುತ್ತಿರಲಿಲ್ಲ.

ಅತಿಥಿ ಶಿಕ್ಷಕಿ, ರಾಯಚೂರು ಜಿಲ್ಲೆ

ಎಲ್ಲರೂ ಶಾಲೆ ಉಳಿಯಲಿ ಎನ್ನುತ್ತೀರಿ. ಉಳಿದ ಶಾಲೆಯೊಳಗೆ ಒಂದು ದಿನ ಬಂದು ಕೂರಿ. ನನ್ನ ಶಾಲೆಯಲ್ಲಿ ಐದು ತರಗತಿ, ಒಂಬತ್ತು ಮಕ್ಕಳು, ಕಾಯಂ ಶಿಕ್ಷಕರು ಒಬ್ಬರು. ಅವರು ತರಬೇತಿಗೋ ಸಮೀಕ್ಷೆಗೋ ಹೋದ ದಿನ ನಾನೊಬ್ಬಳೇ. ಒಂದನೆಯವನಿಗೆ ಅಕ್ಷರ ತಿದ್ದಿಸುವಾಗ ಐದನೆಯವಳು ಭಾಗಾಕಾರ ಹಿಡಿದು ಕಾಯುತ್ತಾಳೆ. ಕಾಯುತ್ತಾಳೆ, ಆಮೇಲೆ ಕಿಟಕಿಯ ಹೊರಗೆ ನೋಡುತ್ತಾಳೆ. ಅವಳ ತರಗತಿಯಲ್ಲಿ ಇರುವವಳು ಅವಳೊಬ್ಬಳೇ. ಜೊತೆಗೆ ಓದಿ, ಜಗಳವಾಡಿ, ಅಂಕ ಹೋಲಿಸಿಕೊಳ್ಳಲು ಇನ್ನೊಂದು ಮಗುವಿಲ್ಲ.

ಅರವತ್ತರವರೆಗಿನ ಮಕ್ಕಳಿಗೆ ಇಬ್ಬರು ಶಿಕ್ಷಕರೆಂಬ ಲೆಕ್ಕ ಕಾಯ್ದೆಯ ಅನುಸೂಚಿಯಲ್ಲಿ ಐದನೆಯವರೆಗೆ ಇರುವ ಶಾಲೆಗಳಿಗೆ ಹೇಳಿದ್ದು. ಆರು-ಏಳರವರಿಗೆ ತರಗತಿಗೊಬ್ಬರಾದರೂ ಇದ್ದು, ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರು ಇರಬೇಕು. ನಿಮ್ಮ ಇಬ್ಬರೇ ಏಳು ತರಗತಿಯ ಎಲ್ಲವನ್ನೂ ಹೊರುತ್ತಿದ್ದಾರೆ. ಅಣ್ಣಾ, ನಿಮ್ಮ ಏಳನೆಯವರು ಈಗ ವಿಜ್ಞಾನವನ್ನು ಯಾರಿಂದ ಕಲಿಯುತ್ತಿದ್ದಾರೆ ಎಂದು ಸಭೆಗೆ ಮುಂಚೆ ವಿಚಾರಿಸಿಕೊಳ್ಳಿ. ವಿಲೀನದ ಪರವಾಗಿ ಇದನ್ನು ಬರೆಯುತ್ತಿಲ್ಲ. ವಿಲೀನವಾದರೆ ಮೊದಲು ಮನೆಗೆ ಹೋಗುವವಳು ನಾನೇ.

ಒಬ್ಬ ತಾಯಿ, ಬಳ್ಳಾರಿ ನಗರ

ನಮ್ಮ ಗೆರೆ ನಾಲೆಯದ್ದಲ್ಲ, ವಾರ್ಡಿನದ್ದು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳಲ್ಲಿ ಬಡವರ ಮಕ್ಕಳಿಗೆ ಇಟ್ಟ ಶೇ 25 ಸೀಟುಗಳು ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ, ಸೀಟು ನೆರೆಹೊರೆಯ ಮಕ್ಕಳಿಗೆ, ನಗರದವರಿಗೆ ವಾರ್ಡೇ ನೆರೆಹೊರೆ. ನಮ್ಮ ಬೀದಿಯ ಬಲಗಡೆಯ ಮನೆಗಳಿಗೆ ಹತ್ತಿರದ ಖಾಸಗಿ ಶಾಲೆ ಸಿಕ್ಕಿತು, ಎಡಗಡೆಯವರಿಗೆ ಇಲ್ಲ. ಕೈಚಾಚಿದರೆ ಎದುರು ಮನೆಯ ಗೋಡೆ ಸಿಗುತ್ತದೆ. ನನ್ನ ಯಜಮಾನರು ಜೀನ್ಸ್ ಹೊಲಿಯುವ ಕೆಲಸದವರು. ಪಕ್ಕದ ವಾರ್ಡಿನಲ್ಲಿ ಬಾಡಿಗೆ ಕರಾರುಪತ್ರ ಮಾಡಿಸಿಕೊಳ್ಳಲು ಇಂತಿಷ್ಟು ಎಂದು ಕೇಳುವವರೂ ಹುಟ್ಟಿಕೊಂಡಿದ್ದರು. ನಾವು ಮಾಡಿಸಲಿಲ್ಲ. ಹಣವಿರಲಿಲ್ಲ, ಅಷ್ಟೇ, ಧರ್ಮ ಕರ್ಮದ ಮಾತಲ್ಲ. ಎದುರು ಮನೆಯವಳು ನನ್ನ ಗೆಳತಿ. ಅವಳ ಮಗಳು ಹೊಸ ಸಮವಸ್ತ್ರ ಹಾಕಿಕೊಂಡ ದಿನದಿಂದ ಸಕ್ಕರೆ ಕೇಳಲು ಬರುವುದನ್ನೂ ಬಿಟ್ಟಳು. ನಾನು ಏನಾದರೂ ಅಂದುಕೊಂಡಿರುವೆನೆಂದು ಅವಳಿಗೆ ಸಂಕೋಚ. ಅಂದುಕೊಂಡೂ ಇದ್ದೆ.

2019ರಲ್ಲಿ ರಾಜ್ಯದ ನಿಯಮ ತಿದ್ದುಪಡಿಯಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಇಲ್ಲ. ಬೀದಿಯ ಎರಡೂ ಕಡೆಯ ಚಿಕ್ಕ ಮಕ್ಕಳು ಈಗ ಒಂದೇ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಸಕ್ಕರೆಯ ಓಡಾಟ ಮತ್ತೆ ಶುರುವಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ಪದವಿ ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ

ನಾನು ಹೀಗೆಯೇ ಆರನೆಯ ತರಗತಿಗೆ ನಾಲೆ ದಾಟಿ ಹೋದವಳು. ನಾವು ಐದು ಹುಡುಗಿಯರು ಹೊರಟಿದ್ದೆವು, ಹತ್ತನೆಯ ತರಗತಿ ಮುಟ್ಟಿದ್ದು ಇಬ್ಬರು. ಉಳಿದವರನ್ನು ಬಿಡಿಸಿದ್ದು ದೂರಕ್ಕಲ್ಲ. ಸಂಜೆ ಐದರ ನಂತರ ನಾಲೆಯ ಏರಿಯ ಮೇಲೆ ಯಾರೂ ಇರುವುದಿಲ್ಲ, ಅದಕ್ಕೆ. ಸಾಲಾಗಿ ಹೋಗುವ ಭತ್ತದ ಲಾರಿಗಳು ಬೇರೆ. 2023ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ಸು ಉಚಿತ, ನಿಜ. ಆದರೆ ಬಸ್ಸು ಊರಿಗೆ ಬರುತ್ತದೆ, ಕ್ಯಾಂಪಿಗೆ ಬರುವುದಿಲ್ಲ. ದಾರಿಯನ್ನು ಅಳೆಯುವಾಗ ಬೆಳಿಗ್ಗೆ ಅಳೆಯಬೇಡಿ, ಸಂಜೆ ಶಾಲೆ ಬಿಟ್ಟ ಮೇಲೆ ಅಳೆಯಿರಿ. ಮತ್ತೆ, ಆ ಶಾಲೆಯ ಗ್ರಂಥಾಲಯದ ಬೀರು ನೆನಪಿಗೆ ಬಂದರೆ ನನಗೆ ಈಗಲೂ ಸಂತೋಷವಾಗುತ್ತದೆ. ಕ್ಯಾಂಪಿನಲ್ಲೇ ಇದ್ದಿದ್ದರೆ ಅದನ್ನು ಕಾಣುತ್ತಿರಲಿಲ್ಲ. ಎರಡನ್ನೂ ಬರೆದಿದ್ದೇನೆ.

ಕೇಳಿದವರಿಂದ ಮತ್ತೆ

ಎಲ್ಲರಿಗೂ ಶರಣು. ಸಭೆ ಮುಗಿಯಿತು, ಆದದ್ದನ್ನು ಹೇಳುತ್ತೇನೆ.

ಪತ್ರ ಕೊಟ್ಟೆ. ಪ್ರಸ್ತಾವನೆ ಇದೆ, ಆದೇಶವಿಲ್ಲ ಎಂದು ಉತ್ತರ ಬಂತು. ಅದರಲ್ಲಿ ನಮ್ಮ ಶಾಲೆಗೂ ಊರ ಶಾಲೆಗೂ ದೂರ 1.8 ಕಿಲೋಮೀಟರ್ ಎಂದಿದೆ. ನಾವು ಶುಕ್ರವಾರ ಸಂಜೆ, ಇಲ್ಲಿ ಬರೆದ ವಿದ್ಯಾರ್ಥಿನಿ ತಂಗಿ ಹೇಳಿದ ಹಾಗೆ ಶಾಲೆ ಬಿಟ್ಟ ಮೇಲೆ, ಏಳು ಮಕ್ಕಳ ಜೊತೆ ಸೇತುವೆಯ ಮೇಲಿಂದ ನಡೆದೆವು. 3.4 ಬಂತು. 1.8 ಆಗಬೇಕಾದರೆ ತೂಬಿನ ಮೇಲಿನ ಒಂದೂವರೆ ಅಡಿ ಗೋಡೆಯ ಮೇಲೆ ನಡೆಯಬೇಕು. "ನಾವು ದಾಟುತ್ತೇವಲ್ಲ" ಎಂದು ಇಬ್ಬರು ಹುಡುಗರು ಓಡಿ ತೋರಿಸಿಯೂ ಬಿಟ್ಟರು. ನಾಲೆಯಲ್ಲಿ ತುಂಬಾ ನೀರಿತ್ತು. ನನ್ನ ಎದೆ ಇನ್ನೂ ಸರಿಯಾಗಿಲ್ಲ.

ಬಳ್ಳಾರಿಯ ಅಣ್ಣನವರ ಪ್ರಶ್ನೆಯನ್ನು ಸಭೆಯಲ್ಲಿ ಕೇಳಿದೆ. ವಾಹನ ಕೊಟ್ಟು, ಕೊಠಡಿ ಕಟ್ಟಿದರೆ ಆರು-ಏಳು ಹೋಗಲು ಒಪ್ಪುತ್ತೀರಾ ಎಂದು. ಊರಿನವರಲ್ಲಿ ಹೆಚ್ಚಿನವರು ಕೈ ಎತ್ತಿದರು. ಕೈ ಎತ್ತದೆ ಕೂತವರು ನಮ್ಮ ಕ್ಯಾಂಪಿನ ಭೂಮಿಯಿರುವ ಮನೆಗಳವರು, ಹೆಚ್ಚುಕಡಿಮೆ ನಮ್ಮ ಮನೆಯವರೂ ಸೇರಿ. ಅವರ ಮಕ್ಕಳಲ್ಲಿ ಅರ್ಧ ಜನ ಈಗಾಗಲೇ ಖಾಸಗಿ ಶಾಲೆಯ ವ್ಯಾನಿನಲ್ಲಿ ಹೋಗುತ್ತಾರೆ. ಬೀಗ ಹಾಕೋಣ ಎಂದವರೂ ಅವರೇ. 41 ಮಕ್ಕಳಲ್ಲಿ ಬಹುಪಾಲು ಕ್ಯಾಂಪಿನ ತುದಿಯ ಗುಡಿಸಲುಗಳವರು. ಅವರನ್ನು ಕೇಳಬೇಕೆಂದು ಇಲ್ಲಿಯವರೆಗೆ ನನಗೂ ತೋಚಿರಲಿಲ್ಲ. ನಾಟಿಗೆ ಬೆಳಿಗ್ಗೆ ಆರಕ್ಕೇ ಹೋಗುವವರು, ಸಭೆಗೆ ಬರುವುದಿಲ್ಲ. ಈ ಸಲ ರಾತ್ರಿ ಎಂಟಕ್ಕೆ ಸಭೆ ಇಟ್ಟಿದ್ದರಿಂದ ಬಂದರು. ಒಬ್ಬ ತಾಯಿ ಹೇಳಿದ್ದು: "ದೊಡ್ಡವಳು ಹೋಗಲಿ, ಓದಲಿ. ಆದರೆ ಚಿಕ್ಕವನನ್ನು ಈ ಶಾಲೆಗೆ ಕೈ ಹಿಡಿದು ತರುವವಳು ಅವಳೇ. ಅವಳ ಶಾಲೆ ಬೇಗ ಶುರುವಾದರೆ ಇವನನ್ನು ಯಾರು ತರುತ್ತಾರೆ?" ಇದಕ್ಕೆ ಕಾಯ್ದೆಯಲ್ಲಿ ಉತ್ತರ ಹುಡುಕಿದೆ, ಸಿಗಲಿಲ್ಲ.

ಎರಡು ಠರಾವು ಬರೆದೆವು. ಐದರವರೆಗೆ ಶಾಲೆ ಇಲ್ಲೇ ಇರಬೇಕು. ಆರು-ಏಳು ಹೋಗಬಹುದು, ಆದರೆ ವಾಹನ ಬರುವವರೆಗೆ ಬೇಡ, ಮತ್ತು ಎರಡೂ ಶಾಲೆಗಳ ಗಂಟೆ ಒಂದೇ ಹೊತ್ತಿಗೆ ಬಾರಿಸದಂತೆ ಇಲ್ಲಿನದನ್ನು ಅರ್ಧ ಗಂಟೆ ಮುಂಚೆ ಶುರು ಮಾಡಬೇಕು. ಹೆಂಗಸರು ಅಲ್ಲೇ ಕೂತು ಸಹಿ ಹಾಕಿದರು. ಮಂಗಳವಾರ ಅಧಿಕಾರಿಗಳು ದಾರಿ ನೋಡಲು ಬರುತ್ತಾರಂತೆ. ಬೀಗ ಹಾಕಲಿಲ್ಲ.

ಗೊಬ್ಬರದ ಅಂಗಡಿಯವರು ನಮ್ಮ ಕ್ಯಾಂಪಿನವರೇ. ನಾಲ್ಕು ದಿನದಿಂದ ನನ್ನ ಜೊತೆ ಮಾತಿಲ್ಲ. ನಿನ್ನೆ ಯೂರಿಯಾ ಕೇಳಿದರೆ ಮುಗಿದಿದೆ ಎಂದರು. ಮೂಟೆಗಳು ಹಿಂದೆ ಕಾಣುತ್ತಿದ್ದವು.