ಸಹಾಯ ಬೇಕು: ಮಂಗಳೂರಿನಲ್ಲಿ ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಎಂಬಿಎ ಮೊದಲ ವರ್ಷದ ವಿದ್ಯಾರ್ಥಿನಿ, ಊರು ಕುಂದಾಪುರ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ವಿಜಯಪುರ ಜಿಲ್ಲೆಯವಳು. ಇಲ್ಲಿನ ಕುಚಲಕ್ಕಿ ಅನ್ನ, ತೆಂಗಿನೆಣ್ಣೆಯ ಒಗ್ಗರಣೆ ಅವಳಿಗೆ ಒಗ್ಗುತ್ತಿಲ್ಲ. ದಪ್ಪ ಅಗುಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಮಜ್ಜಿಗೆ ಕುಡಿದು ಎದ್ದುಬಿಡುತ್ತಾಳೆ. ಮನೆಯಿಂದ ತಂದ ಶೇಂಗಾ ಚಟ್ನಿಪುಡಿಯ ಡಬ್ಬಿಯೂ ಖಾಲಿಯಾಗಿದೆ. ಕಣ್ಣೆದುರೇ ಸೊರಗುತ್ತಿದ್ದಾಳೆ, ನೋಡಲಾಗುತ್ತಿಲ್ಲ.

ಪದವಿಯಲ್ಲಿ ಕನ್ನಡ ಸಾಹಿತ್ಯ ಓದಿ ಬಂದ ನನಗೆ ಲೆಕ್ಕಶಾಸ್ತ್ರ ಹೊಸದು. ಲಾಭ ಬಂದರೂ ಕೈಯಲ್ಲಿ ನಗದು ಇಲ್ಲದಿರುವುದು ಹೇಗೆ ಎಂಬುದನ್ನು, ಸಾಲಕ್ಕೆ ಮಾರಿದ ಸರಕಿನ ಉದಾಹರಣೆ ಕೊಟ್ಟು, ರಾತ್ರಿ ಕುಳಿತು ಬಿಡಿಸಿ ಹೇಳಿದವಳು ಅವಳೇ. ಅಂಥವಳು ಈಗ ‘ಓದು ಬಿಟ್ಟು ಊರಿಗೇ ಹೋಗಿಬಿಡುತ್ತೇನೆ’ ಎನ್ನುತ್ತಿದ್ದಾಳೆ.

ಕದ್ರಿ, ಬಿಜೈ, ಹಂಪನಕಟ್ಟೆ ಸುತ್ತಮುತ್ತ ಉತ್ತರ ಕರ್ನಾಟಕದ ಖಾನಾವಳಿ ಇದೆಯೇ? ಮನೆಯಲ್ಲೇ ರೊಟ್ಟಿ ಬಡಿದು ಕೊಡುವವರಿದ್ದರೆ ಇನ್ನೂ ಒಳ್ಳೆಯದು. ಕಡಕ್ ರೊಟ್ಟಿಯಾದರೆ ಬೇಗ ಕೆಡುವುದಿಲ್ಲ, ಕೋಣೆಯಲ್ಲೇ ಇಟ್ಟುಕೊಳ್ಳಬಹುದು. ಸಂಜೆ ಹಾಸ್ಟೆಲ್ ಗೇಟು ಬೇಗ ಮುಚ್ಚುವುದರಿಂದ ಹಗಲಿನಲ್ಲೇ ಸಿಗಬೇಕು. ತಿಂಗಳ ಲೆಕ್ಕದ ದರವನ್ನೂ ತಿಳಿಸಿದರೆ ದೊಡ್ಡ ಉಪಕಾರ. ಪರೀಕ್ಷೆ ಹತ್ತಿರ ಬಂದಿದೆ, ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.